ಸೊಸೆಯ ಬೀಗ, ನನ್ನ ಕುಂಕುಮ

ಕೀಲಿಗಳ ವಿಷಯದಲ್ಲಿ ನಾನು ಒಳ್ಳೆಯ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಮನೆಯಲ್ಲಿ ಒಂದು ಬೀಗ ಇದ್ದು ಅದರ ಕೀಲಿ ನನ್ನ ಹತ್ತಿರ ಇಲ್ಲ ಎಂದರೆ ನನಗೆ ಅನ್ನ ಸೇರುವುದಿಲ್ಲ. ಬೀಗದ ಒಳಗೆ ಇರುವುದು ನನಗೆ ಬೇಕು ಅಂತಲ್ಲ. ಒಳಗೆ ಹರಿದ ಚಾಪೆ ಇರಲಿ, ತೂತು ಬಿದ್ದ ಕೊಡ ಇರಲಿ, ಕೀಲಿ ಮಾತ್ರ ನನ್ನ ಸೊಂಟದಲ್ಲಿರಬೇಕು. ನನ್ನ ಅತ್ತೆ ಬದುಕಿರುವತನಕ ಆ ಗೊಂಚಲನ್ನು ನನ್ನ ಕೈಗೆ ಕೊಡಲಿಲ್ಲ. ಆಕೆ ಹೋದ ಮೇಲೆ ನನ್ನ ಸೊಂಟಕ್ಕೆ ಬಂತು, ಮತ್ತೆ ಇಳಿಯಲಿಲ್ಲ. ಈಗ ಅದರಲ್ಲಿ ಯಾವ ಕೀಲಿ ಯಾವ ಬೀಗದ್ದು ಅನ್ನುವುದು ನನಗೇ ಗೊತ್ತಿಲ್ಲ. ಕೆಲವು ಬೀಗಗಳು ಗುಜರಿಗೆ ಹೋಗಿವೆ. ಒಂದು ಕೀಲಿಯಂತೂ, ಆವರಗೆರೆ ಕಡೆ ಈ ಮನೆ ಕಟ್ಟಿಸಿಕೊಳ್ಳುವ ಮೊದಲು ನಾವು ಬಾಡಿಗೆಗೆ ಇದ್ದ ಮನೆಯ ಹಿತ್ತಲ ಬಾಗಿಲದು. ಆ ಮನೆ ಕೆಡವಿದರು, ಅಲ್ಲೀಗ ಮೊಬೈಲ್ ಅಂಗಡಿ ಎದ್ದಿದೆ. ಬಾಗಿಲೇ ಇಲ್ಲ, ಕೀಲಿ ಇದೆ. ನಡೆದರೆ ಗೊಂಚಲು ಸದ್ದು ಮಾಡುತ್ತದೆ, ಮನೆಯವರು ಎಚ್ಚರದಿಂದ ಇರುತ್ತಾರೆ. ಕೀಲಿಗೆ ಇದಕ್ಕಿಂತ ಹೆಚ್ಚಿನ ಉಪಯೋಗ ಬೇಕಿಲ್ಲ.

ಇಂಥವಳ ಮನೆಗೆ, ಕಣ್ಣಿಗೇ ಕಾಣದ ಬೀಗಗಳ ಕೆಲಸ ಮಾಡುವ ಸೊಸೆ ಬಂದಳು ನೋಡಿ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಬರುತ್ತದೆ, ಕಂಪ್ಯೂಟರು ಬರುವುದಿಲ್ಲ. ಸೊಸೆ ರೂಪಾ ಅದರಲ್ಲಿ ಡಿಪ್ಲೊಮಾ ಮಾಡಿದವಳು. ಯಾರದೋ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಕೆಲಸದಲ್ಲಿದ್ದಳು. ಅದನ್ನು ಬಿಟ್ಟು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಕೆಲಸ ಶುರು ಮಾಡಿದಳು. ಎಂಥ ಕೆಲಸ ಅಂದರೆ, ಅದಕ್ಕೆ ಬೋರ್ಡಿಲ್ಲ, ಗಿರಾಕಿಗಳು ಬಾಗಿಲಿಗೆ ಬರುವುದಿಲ್ಲ, ತಕ್ಕಡಿಯಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ. ಮೇಜಿನ ಮುಂದೆ ಕೂತು ಬೆರಳಾಡಿಸುತ್ತಾಳೆ, ಬೇರೆ ಊರಿನ ಕಂಪ್ಯೂಟರುಗಳು ಹೇಳಿದ ಮಾತು ಕೇಳುತ್ತವೆ. ಎದುರು ಮನೆಯ ಪಾರ್ವತಮ್ಮ ಒಂದು ದಿನ ಕೇಳಿಯೇ ಬಿಟ್ಟಳು.

“ನಿಮ್ಮ ಸೊಸಿ ಏನು ಕೆಲಸ ಮಾಡ್ತಾಳವ್ವಾ?”

“ಕಂಪ್ಯೂಟರ್ ಕಾಯ್ತಾಳೆ.”

“ಎಲ್ಲಿ ಅದಾವೆ ಕಂಪ್ಯೂಟರು?”

“ಹರಿಹರದಾಗೆ.”

“ದನ ಹರಿಹರದಾಗೆ, ದನ ಕಾಯಾಕಿ ದಾವಣಗೆರೆಯಾಗೆ. ಚಲೋ ಐತೆ ಬಿಡು ನಿಮ್ಮನಿ ನೌಕರಿ,” ಅಂದಳು.

ಆ ಮಾತು ನನಗೆ ನಾಟಿತು. ನಾಟಿದ್ದು ಅವಮಾನಕ್ಕಲ್ಲ, ಅದು ನನಗೂ ಗೊತ್ತಿಲ್ಲದ ವಿಷಯ ಅನ್ನುವುದಕ್ಕೆ. ಗೊತ್ತಿಲ್ಲದ್ದು ಮನೆಯಲ್ಲಿ ಇದ್ದರೆ ನನಗೆ ಅದೂ ಒಂದು ಬೀಗವೇ. ಅವತ್ತು ಮಧ್ಯಾಹ್ನ ಅವರೆಕಾಯಿ ಮೊರ ಎತ್ತಿಕೊಂಡು ರೂಪಾಳ ಕೋಣೆ ಬಾಗಿಲಲ್ಲಿ ಕಾಲು ಚಾಚಿ ಕೂತೆ.

“ಇಲ್ಲಿ ಕುಂತು ಹರಿಹರದ ಕಂಪ್ಯೂಟರಿಗೆ ಬೀಗ ಹೆಂಗೆ ಹಾಕ್ತೀ, ಹೇಳು,” ಅಂದೆ.

ಅವಳು ಪಾಪ ಸಿಟ್ಟು ಮಾಡಲಿಲ್ಲ. ಹಾಲಪ್ಪನವರ ಅಂಗಡಿಯ ಕಥೆಯಿಂದಲೇ ಶುರು ಮಾಡಿದಳು. ಹಾಲಪ್ಪ ಅಂದರೆ ಹರಿಹರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವರು. ಭಾನುವಳ್ಳಿಯಲ್ಲೂ ಒಂದು ಅಂಗಡಿ ಇದೆ. ಅಲ್ಲಿಯ ಕಂಪ್ಯೂಟರುಗಳನ್ನು ಇಷ್ಟು ದಿನ ನೋಡಿಕೊಳ್ಳುತ್ತಿದ್ದವನು ಅವರ ಅಳಿಯ ಮಂಜುನಾಥ. ಅಳಿಯ ಮಾಡಿದ ಏರ್ಪಾಟು ಏನೆಂದರೆ, ಎರಡೂ ಅಂಗಡಿಗೆ, ಎಲ್ಲಾ ಕೆಲಸದವರಿಗೆ, ಒಂದೇ ಪಾಸ್‌ವರ್ಡು. ಅದು ಮರೆಯಬಾರದು ಅಂತ ಗೊಬ್ಬರದ ಕಂಪನಿಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದು ಗೋಡೆಗೆ ತೂಗು ಹಾಕಿದ್ದ. ಯೂರಿಯಾ ಒಯ್ಯಲು ಬಂದ ರೈತರಿಗೂ ಅದು ಬಾಯಿಪಾಠ. ಹೀಗಿರುವಾಗ ಭಾನುವಳ್ಳಿ ಅಂಗಡಿಯಲ್ಲಿ ಯಾರೋ ಏನನ್ನೋ ಒತ್ತಿದರು, ಕಾಣದ ಊರಿನ ಕಳ್ಳನೊಬ್ಬ ಒಳಗೆ ನುಗ್ಗಿ ಬಿಲ್ಲುಗಳಿಗೆಲ್ಲ ಬೀಗ ಜಡಿದು, ದುಡ್ಡು ಕೊಟ್ಟರೆ ತೆಗೆಯುತ್ತೇನೆ ಅಂದ.

ಬೀಗ ಒಡೆಯುವ ಕಳ್ಳರನ್ನು ನಾನು ಕೇಳಿದ್ದೇನೆ. ಬೀಗ ಹಾಕುವ ಕಳ್ಳನನ್ನು ಕೇಳಿದ್ದು ಅದೇ ಮೊದಲು. ಅವನ ಬುದ್ಧಿ ನನಗೆ ಹಿಡಿಸಿತು, ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಹಾಲಪ್ಪನವರು ಹೊಸ ಲ್ಯಾಪ್‌ಟಾಪುಗಳನ್ನು ತರಿಸಿ, ಅವನ್ನು ಭದ್ರವಾಗಿ ಹೊಂದಿಸಿ ಕೊಡುವ ಕೆಲಸವನ್ನು ರೂಪಾಳಿಗೆ ವಹಿಸಿದ್ದರು. ಬಿತ್ತನೆ ಬೀಜದ ಗದ್ದಲ ಶುರುವಾಗುವುದರೊಳಗೆ ಆಗಬೇಕು. ಸರಿಯಾಗಿ ಆದರೆ ವರ್ಷಪೂರ್ತಿ ನೋಡಿಕೊಳ್ಳುವ ಕೆಲಸವೂ ಅವಳದೇ. ಆಗದಿದ್ದರೆ ಮತ್ತೆ ಅಳಿಯನ ಕೈಗೆ. ರೂಪಾಳಿಗೆ ಇದು ಮೊದಲನೆಯ ದೊಡ್ಡ ಕೆಲಸ. ಅಲ್ಲಿವರೆಗೆ ಬಂದದ್ದೆಲ್ಲ ಪ್ರಿಂಟರಿನಲ್ಲಿ ಕಾಗದ ಸಿಕ್ಕಿದೆ, ಬಂದು ಎಳೆಯಿರಿ ಅನ್ನುವಂಥದ್ದು. ಇದೂ ಕೈತಪ್ಪಿದರೆ ಹಳೇ ಅಂಗಡಿಗೆ ವಾಪಸು ಹೋಗಿ, ಬಿಟ್ಟುಬಂದ ಕುರ್ಚಿ ಖಾಲಿ ಇದೆಯೇ ಅಂತ ಕೇಳಬೇಕಾಗಿತ್ತು.

“ಹೊಸ ಲ್ಯಾಪ್‌ಟಾಪು ಪೆಟ್ಟಿಗಿಯಾಗೆ ಇರ್ತೈತಲ್ಲ ಅತ್ತೆ, ಅದನ್ನ ನಾನು ಮುಟ್ಟೋದೇ ಬ್ಯಾಡ. ಅಂಗಡಿಯೋರು ಪೆಟ್ಟಿಗಿ ತೆಗೆದು ಇಂಟರ್‌ನೆಟ್ಟಿಗೆ ಹಚ್ಚಿದ ಕೂಡ್ಲೆ ಅದು ‘ನಾನು ಯಾರ ಪೈಕಿ’ ಅಂತ ಕೇಳ್ತೈತೆ. ಹಾಲಪ್ಪನವರ ಅಂಗಡಿದು ಅಂತ ಗೊತ್ತಾದ್ರೆ, ನಾನು ಇಲ್ಲಿ ಕುಂತು ಬರೆದಿಟ್ಟ ನಿಯಮ ಎಲ್ಲ ತಾನೇ ಇಳಿಸಿಕೊಳ್ತೈತೆ. ಯಾರ್ಯಾರು ಒಳಗೆ ಬರಬೇಕು, ಯಾವುದು ತೆಗೀಬೇಕು, ಯಾವುದು ತೆಗೀಬಾರದು, ಸುಮ್ನೆ ಬಿಟ್ರೆ ತಾನೇ ಬೀಗ ಹಾಕ್ಕೋಬೇಕು, ಎಲ್ಲ.”

“ಕಳವಾದ್ರೆ?”

“ಇಲ್ಲಿಂದಲೇ ಒಳಗಿಂದೆಲ್ಲ ಅಳಿಸಿಬಿಡ್ತೀನಿ. ಕಳ್ಳನಿಗೆ ಖಾಲಿ ಡಬ್ಬಿ.”

“ಕೆಲಸದೋರಿಗೆ ಎಲ್ಲಾ ಕೀಲಿ ಕೊಡ್ತೀಯೇನು?”

“ಇಲ್ಲ. ಯಾರಿಗೆ ಯಾವ ಕೆಲಸಕ್ಕೆ ಯಾವ ಕೀಲಿ ಬೇಕೋ ಅದೊಂದೇ. ಬಿಲ್ ಬರೆಯೋನಿಗೆ ಬಿಲ್ಲಿಂದು. ಗೋಡೌನಿನೋನಿಗೆ ಸ್ಟಾಕಿಂದು. ಮಾಲೀಕರಾದ್ರೂ ಅಷ್ಟೇ.”

“ಮಾಲೀಕಗೂ ಎಲ್ಲಾ ಕೀಲಿ ಇಲ್ಲ?”

“ಬೇಕಿಲ್ಲದ್ದು ಯಾಕ ಅತ್ತೆ?”

ಈ ಮಾತು ನನಗೆ ಹಿಡಿಸಲಿಲ್ಲ. ಸೊಂಟದ ಗೊಂಚಲನ್ನು ಸ್ವಲ್ಪ ಸರಿಸಿಕೊಂಡು ಬೇರೆ ಪ್ರಶ್ನೆ ಕೇಳಿದೆ. “ನೀನು ಹೇಳಿದ್ದನ್ನ ಆ ಲ್ಯಾಪ್‌ಟಾಪು ಕೇಳ್ತೋ ಇಲ್ಲೋ ನಿನಗೆ ಹೆಂಗೆ ಗೊತ್ತಾಗ್ತೈತೆ?”

ಅವಳು ಪರದೆ ತೋರಿಸಿದಳು. ಒಂದೊಂದು ಕಂಪ್ಯೂಟರಿನ ಹೆಸರಿನ ಮುಂದೆ ಒಂದೊಂದು ಚುಕ್ಕೆ. ಮಾತು ಕೇಳಿದ್ದಕ್ಕೆ ಹಸಿರು, ಕೇಳದ್ದಕ್ಕೆ ಕೆಂಪು. ಇದು ನನಗೆ ಬಹಳ ಇಷ್ಟವಾಯಿತು. ಯಾಕೆಂದರೆ ದೂರದಿಂದ ಸಂಭಾಳಿಸುವ ಕೆಲಸ ನನಗೇನು ಹೊಸದಲ್ಲ. ಮಗಳು ನಿರ್ಮಲಾಳನ್ನು ಹರಿಹರಕ್ಕೆ ಕೊಟ್ಟಂದಿನಿಂದ ಅವಳ ಮನೆಯನ್ನು ನಾನು ದಾವಣಗೆರೆಯಿಂದಲೇ ನಡೆಸುತ್ತಾ ಬಂದಿದ್ದೇನೆ. ಬೆಳಿಗ್ಗೆ ಫೋನು, ಇವತ್ತು ಹುರುಳಿ ಸಾರು ಮಾಡು. ಮಧ್ಯಾಹ್ನ ಫೋನು, ಹಪ್ಪಳ ಒಳಗೆ ತಗೋ, ಮೋಡ ಆಗೈತೆ. ಅವಳು “ಹೂಂ ಅವ್ವಾ” ಅನ್ನುತ್ತಾಳೆ. ಆ ಹೂಂ ಹಸಿರೋ ಕೆಂಪೋ ತಿಳಿಯುವ ಚುಕ್ಕೆ ಮಾತ್ರ ನನ್ನ ಫೋನಿನಲ್ಲಿ ಇರಲಿಲ್ಲ.

ಲ್ಯಾಪ್‌ಟಾಪುಗಳು ಬಂದವು. ಹರಿಹರದ ಅಂಗಡಿಗೆ ಸುಣ್ಣಬಣ್ಣ ನಡೆದಿದ್ದರಿಂದ ಹಾಲಪ್ಪನವರು ನಮ್ಮ ಮನೆಯ ವಿಳಾಸಕ್ಕೇ ಹಾಕಿಸಿದ್ದರು. ಅಂದವಾದ ಪೆಟ್ಟಿಗೆಗಳು, ಬಾಯಿಗೆ ಅಡ್ಡಲಾಗಿ ಹೊಳೆಯುವ ಚೀಟಿಯ ಸೀಲು. ಮರುದಿನ ಅವನ್ನು ಹರಿಹರಕ್ಕೆ ಒಯ್ಯುವುದು ಅಂತ ಆಯಿತು. ರೂಪಾ ಅಲ್ಲಿಯ ಇಂಟರ್‌ನೆಟ್ ಸರಿಮಾಡಿ ಬರಲು ಹೊರಟವಳು ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ಅತ್ತೆ, ಇವನ್ನ ಮುಟ್ಟಬ್ಯಾಡ್ರಿ,” ಅಂದಳು. ನಾನು ಹೂಂ ಅಂದೆ. ನಿರ್ಮಲಾ ನನಗೆ ಅನ್ನುವಂಥದೇ ಹೂಂ.

ಈಗ ನೀವೇ ಹೇಳಿ. ಅವತ್ತು ಶುಕ್ರವಾರ. ನಮ್ಮ ಮನೆಯಲ್ಲಿ ಹೊಸ ಸೈಕಲ್ಲು ಬರಲಿ, ಮಿಕ್ಸಿ ಬರಲಿ, ಅರಿಶಿನ ಕುಂಕುಮ ಕಾಣದೆ ಅದು ಕೆಲಸಕ್ಕೆ ನಿಂತದ್ದಿಲ್ಲ. ಮಗ ಶಿವು ಓಡಿಸುವ ಲಗೇಜ್ ಆಟೊಕ್ಕೂ ಮಾಡಿದ್ದೇನೆ, ಅಮಾವಾಸ್ಯೆಗೆ ನಿಂಬೆಹಣ್ಣು ಬೇರೆ. ಸೊಸೆಯ ಮೊದಲನೆಯ ದೊಡ್ಡ ಕೆಲಸ, ಬರಿಗೈಯಲ್ಲಿ ಹೊಸಿಲು ದಾಟಲಿ ಅಂತ ಬಿಡಲೇ? ಮೊದಲು ಪೆಟ್ಟಿಗೆಗಳ ಮೇಲೆಯೇ ಹಚ್ಚೋಣ ಅಂದುಕೊಂಡೆ. ಆಮೇಲೆ ಯೋಚನೆ ಬಂತು. ರಟ್ಟಿಗೆ ಪೂಜೆ ಮಾಡಿದರೆ ಪುಣ್ಯ ರಟ್ಟಿಗೆ. ರಟ್ಟನ್ನು ನಾಳೆ ಗುಜರಿಗೆ ಹಾಕುತ್ತಾರೆ, ಪುಣ್ಯವೂ ಅದರ ಹಿಂದೆಯೇ ಹೋಗುತ್ತದೆ. ಹೊಸ ಟ್ರ್ಯಾಕ್ಟರು ತಂದವರು ತಾಡಪತ್ರಿ ಸರಿಸಿ ಎಂಜಿನ್ನಿಗೆ ಹಚ್ಚುತ್ತಾರೆಯೇ ಹೊರತು ತಾಡಪತ್ರಿಗೆ ಹಚ್ಚುವುದಿಲ್ಲ.

ಈಳಿಗೆಮಣೆ ತಂದು ಸೀಲುಗಳನ್ನು ಹುಷಾರಾಗಿ ಸೀಳಿದೆ. ಲ್ಯಾಪ್‌ಟಾಪನ್ನು ಪುಸ್ತಕ ತೆರೆದ ಹಾಗೆ ತೆರೆದೆ. ಮುಚ್ಚಳದ ಹೊರಮೈಗೆ ಮೂರು ಬೆರಳಿನ ವಿಭೂತಿ. ಒಳಗೆ, ಗಾಜಿನ ಮೇಲ್ಭಾಗದಲ್ಲಿ ನಟ್ಟನಡುವೆ, ಒಂದು ಸಣ್ಣ ದುಂಡನೆಯ ಗುರುತು ಇತ್ತು. ಹಣೆಯ ಮೇಲೆ ಬೊಟ್ಟಿಡುವ ಜಾಗವೇ. ಕಂಪನಿಯವರು ಎಲ್ಲಿಯವರೋ ಏನೋ, ನಮ್ಮ ಮನೆಗಳ ಪದ್ಧತಿ ತಿಳಿದವರು ಅಂತ ಮೆಚ್ಚಿಕೊಂಡು, ಕುಂಕುಮಕ್ಕೆ ಹನಿ ಎಣ್ಣೆ ಹಾಕಿ ಕಲಸಿ, ಜಾರದ ಹಾಗೆ ಒತ್ತಿ ಇಟ್ಟೆ. ಎಲ್ಲಕ್ಕೂ ಇಟ್ಟೆ. ಊದುಬತ್ತಿ ಬೆಳಗಿದೆ. ಆಮೇಲೆ ಪೆಟ್ಟಿಗೆಗೆ ಸೇರಿಸಿ, ಸೀಲಿನ ಚೀಟಿಯನ್ನು ಅನ್ನದ ಅಗುಳು ತಿಕ್ಕಿ ಅಂಟಿಸಿದೆ. ಗಾಳಿಪಟದಿಂದ ಹಿಡಿದು ಮದುವೆಯ ಲಗ್ನಪತ್ರಿಕೆಯ ಲಕೋಟೆವರೆಗೆ ನಮ್ಮ ಮನೆಯಲ್ಲಿ ಅನ್ನವೇ ಅಂಟು. ಇದುವರೆಗೆ ಯಾವುದೂ ಬಿಚ್ಚಿಕೊಂಡಿಲ್ಲ.

ಮರುದಿನ ಶಿವುವಿನ ಆಟೊದಲ್ಲಿ ರೂಪಾ, ಪೆಟ್ಟಿಗೆಗಳ ಜೊತೆ ನಾನೂ ಹೊರಟೆ. ನಿರ್ಮಲಾಳ ಮನೆ ನೋಡಿದ ಹಾಗೂ ಆಗುತ್ತದೆ ಅನ್ನುವುದು ನೆಪ. ಪೆಟ್ಟಿಗೆ ತೆಗೆದ ಕೂಡಲೆ ಅದು ‘ನಾನು ಯಾರ ಪೈಕಿ’ ಅಂತ ಕೇಳುತ್ತದಂತಲ್ಲ, ಆ ಮಾತು ಕೇಳಬೇಕಿತ್ತು. ಗಂಡು ದನಿಯೋ ಹೆಣ್ಣು ದನಿಯೋ, ಕನ್ನಡದಲ್ಲಿ ಕೇಳುತ್ತದೋ ಹೇಗೋ ಅಂತ ನಡುದಾರಿಯ ಬಾತಿ ಊರು ದಾಟುವತನಕ ಯೋಚಿಸಿದೆ.

ಹಾಲಪ್ಪನವರು ಒಳ್ಳೆಯ ಮನುಷ್ಯ. “ಬರ್ರಿ ಅಮ್ಮಾರೆ, ಕೂಡ್ರಿ,” ಅಂತ ನನಗೆ ಗೊಬ್ಬರದ ಚೀಲಗಳ ಪಕ್ಕ ಕುರ್ಚಿ ಹಾಕಿಸಿದರು. ಅಳಿಯ ಮಂಜುನಾಥ ಕೈಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದ, ಅವನ ತಲೆಯ ಮೇಲೆ ಆ ಕ್ಯಾಲೆಂಡರು. ಕೆಲಸದವರು ಸುತ್ತ ನಿಂತರು. ರೂಪಾ ಎಲ್ಲರಿಗೂ ಪಾಠ ಹೇಳಿದಳು. ಮೊದಲನೆಯ ಪಾಠವೇ ಇದು: “ಹೊಸ ಮಷೀನು ಬಂದಾಗ ಮೊದಲು ಸೀಲು ನೋಡ್ರಿ. ಒಡೆದಿದ್ರೆ ಕರೆಂಟಿಗೆ ಹಚ್ಚಬ್ಯಾಡ್ರಿ. ದಾರಿಯಾಗೆ ಯಾರೋ ಒಳಗೆ ಏನಾರ ಸೇರಿಸಿರ್ತಾರೆ. ಯಾರೇ ಹೇಳ್ಲಿ, ಹಚ್ಚಬ್ಯಾಡ್ರಿ.”

ಹಾಲಪ್ಪನವರು ಗೊಬ್ಬರದ ಚೀಲದ ಹೊಲಿಗೆ ನೋಡಿ ನೋಡಿ ಕಣ್ಣು ಪಳಗಿದವರು. ಪೆಟ್ಟಿಗೆ ಎತ್ತಿ ಬೆಳಕಿಗೆ ಹಿಡಿದರು. ಉಗುರಿನಿಂದ ಸೀಲನ್ನು ಕೆರೆದರು. ಉಗುರಿಗೆ ಹತ್ತಿದ್ದನ್ನು ಮೂಸಿದರು.

“ಮೇಡಂ, ಇದು ಅನ್ನದ ಅಗುಳು ಇದ್ದಂಗೈತಲ್ಲ?”

ರೂಪಾ ಇನ್ನೊಂದು ಪೆಟ್ಟಿಗೆ ಎತ್ತಿಕೊಂಡಳು, ಅದರಲ್ಲೂ ಅಗುಳು. ಮತ್ತೊಂದು ಎತ್ತಿದಳು. ಅವಳ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಮಂಜುನಾಥ ಗೋಡೆ ಬಿಟ್ಟು ನೆಟ್ಟಗೆ ನಿಂತ. “ನಾನು ಮೊದಲೇ ಹೇಳಿದ್ನಲ್ಲ ಮಾವ,” ಅಂದ. ಏನು ಹೇಳಿದ್ದನೋ ಅವನಿಗೇ ಗೊತ್ತು.

ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. “ನಾನೇ ಒಡೆದದ್ದು. ಕುಂಕುಮ ಹಚ್ಚಾಕೆ,” ಅಂದೆ.

ರೂಪಾ ಒಂದು ಲ್ಯಾಪ್‌ಟಾಪು ಹೊರಗೆ ತೆಗೆದು ತೆರೆದು ನೋಡಿದಳು. ಆ ದುಂಡನೆಯ ಗುರುತು ಬೊಟ್ಟಿನ ಜಾಗವಲ್ಲವಂತೆ, ಅದು ಕ್ಯಾಮೆರಾ ಅಂತೆ. ಮುಂದೆ ಕೂತವರ ಮುಖ ನೋಡಿ ಗುರುತು ಹಿಡಿದು ಬಾಗಿಲು ತೆಗೆಯಬೇಕಾದ ಕಣ್ಣದು. ಎಲ್ಲದರ ಕಣ್ಣನ್ನೂ ನಾನು ಮುಚ್ಚಿದ್ದೆ.

ಹಾಲಪ್ಪನವರಿಗೆ ನಗು ಬಂತು. “ಹೋಗ್ಲಿ ಬಿಡ್ರಿ ಮೇಡಂ. ದೊಡ್ಡೋರು ಪೂಜೆ ಮಾಡ್ಯಾರೆ. ಒರೆಸಿ ಹಚ್ಚಿಬಿಡ್ರಿ, ಗಿರಾಕಿ ಬರೋ ಹೊತ್ತಾತು,” ಅಂದರು.

ನಾನು ಸೆರಗು ಕೈಗೆ ತಗೊಂಡು ಎದ್ದೆ, ಒರೆಸೋಣ ಅಂತ.

“ಕೂಡ್ರಿ ಅತ್ತೆ,” ಅಂದಳು ರೂಪಾ. ದನಿ ಏರಿಸಲಿಲ್ಲ. ಆದರೂ ನಾನು ಕೂತೆ. ಆಮೇಲೆ ಹಾಲಪ್ಪನವರ ಕಡೆ ತಿರುಗಿ, “ಇಲ್ರಿ. ಯಾರೇ ಹೇಳ್ಲಿ ಹಚ್ಚಬ್ಯಾಡ್ರಿ ಅಂತ ಈಗ ಹೇಳೀನಿ. ನಮ್ಮತ್ತೆ ಒಡೆದ್ರೂ ಒಡೆದದ್ದೇ. ಮನಿಯಾಗೆ ಒಡೆದೈತೆ ಅಂದ್ಮೇಲೆ ಅದರಾಗೆ ಯಾರ ಕೈ ಆಡೈತೆ ಅಂತ ನಾನು ಹೆಂಗೆ ಹೇಳ್ಲಿ? ಕಂಪನಿಗೆ ಫೋನ್ ಹಚ್ಚಿ ನಂಬರ್ ತಾಳೆ ನೋಡ್ತೀನಿ. ಒಂದೊಂದರ ಒಳಗಿಂದೆಲ್ಲ ಅಳಿಸಿ, ಹೊಸದಾಗಿ ತುಂಬಿ, ಆಮೇಲೆ ಅಂಗಡಿಗೆ ಸೇರಿಸ್ತೀನಿ. ಸಂಜಿ ಆಗ್ತೈತೆ. ನಿಮಗೆ ಕಾಯಾಕೆ ಆಗಲ್ಲ ಅಂದ್ರೆ ಕೆಲಸ ಬ್ಯಾರೆಯೋರಿಗೆ ಕೊಡ್ರಿ. ಹಿಂಗೇ ಹಚ್ಚಿಕೊಡೋದು ಮಾತ್ರ ಆಗಲ್ಲ.”

ನನಗೆ ಸಿಟ್ಟು ಬಂತು. ಊರವರ ಮುಂದೆ, ಗೊಬ್ಬರದ ಚೀಲಗಳ ಮುಂದೆ, ನನ್ನ ಕೈಯನ್ನು ಕಾಣದ ಊರಿನ ಕಳ್ಳನ ಕೈಗೆ ಸಮ ಮಾಡಿದಳಲ್ಲ. ಎದ್ದು ನಿರ್ಮಲಾಳ ಮನೆಗೆ ನಡೆದೆ. ಎರಡು ಬೀದಿ ಆಚೆಗೇ ಮನೆ. ಬೆಳಿಗ್ಗೆ ಫೋನಿನಲ್ಲಿ ಹುರುಳಿ ಸಾರು ಅಂತ ಹೇಳಿದ್ದೆ, ಹೂಂ ಅಂದಿದ್ದಳು. ಹೋಗಿ ನೋಡಿದರೆ ಒಲೆ ಮೇಲೆ ಟೊಮೆಟೊ ಬಾತು. ಹುರುಳಿ ಡಬ್ಬಿ ಅಲ್ಲಾಡಿಸಿದೆ, ಖಾಲಿ.

“ಹುರುಳಿ ಮುಗಿದು ಎಷ್ಟು ದಿನ ಆತೇ?”

“ನಮ್ಮನಿಯಾಗೆ ಹುರುಳಿ ಯಾರೂ ತಿನ್ನಲ್ಲವ್ವಾ. ದೀಪಾವಳಿಯಿಂದ ತಂದೇ ಇಲ್ಲ.”

“ಮತ್ತೆ ಹೂಂ ಅಂತಿದ್ಯಲ್ಲ ದಿನಾ?”

“ಇಲ್ಲ ಅಂದ್ರೆ ಫೋನು ಇಡ್ತೀಯಾ ನೀನು?”

ಟೊಮೆಟೊ ಬಾತು ತಿಂದೆ. ಉಪ್ಪು ಸರಿಯಾಗಿತ್ತು, ಅದೂ ಸಿಟ್ಟು ತರಿಸಿತು. ತಿನ್ನುತ್ತಾ ಲೆಕ್ಕ ಹಾಕಿದೆ. ಹೂಂ ಅನ್ನುವ ಮಗಳು ಒಬ್ಬಳು, ಎದುರಿಗೇ ಕೂಡ್ರಿ ಅನ್ನುವ ಸೊಸೆ ಒಬ್ಬಳು. ಇಷ್ಟು ವರ್ಷ ನಾನು ಮಗಳ ಚುಕ್ಕೆ ಹಸಿರು, ಸೊಸೆಯ ಚುಕ್ಕೆ ಕೆಂಪು ಅಂತ ತಿಳಿದಿದ್ದೆ. ನನ್ನ ಪರದೆಯೇ ಕೆಟ್ಟಿತ್ತು.

ಸಂಜೆ ವಾಪಸು ಅಂಗಡಿಗೆ ಹೋದಾಗ ಗಿರಾಕಿಗಳು ಹಳೇ ಪದ್ಧತಿಯಂತೆ ಕೈಬರಹದ ಬಿಲ್ಲು ಹಿಡಿದು ನಿಂತಿದ್ದರು. ಮಂಜುನಾಥ ಹೊರಗೆ ಫೋನಿನಲ್ಲಿ ಯಾರಿಗೋ, “ಒಂದು ಮಷೀನು ಹಚ್ಚಾಕೆ ಇಡೀ ದಿನ ತಗಂಡಾರೆ,” ಅನ್ನುತ್ತಿದ್ದ. ಒಳಗೆ ರೂಪಾ ಕೊನೆಯ ಲ್ಯಾಪ್‌ಟಾಪನ್ನು ಹಾಲಪ್ಪನವರ ಮುಂದೆ ಹಿಡಿದಿದ್ದಳು. ಅದು ಅವರ ಮುಖ ನೋಡಿ ಗುರುತು ಹಿಡಿಯಲು ಕೂತಿತ್ತು. ಎಷ್ಟು ಒರೆಸಿದರೂ ಎಣ್ಣೆಕುಂಕುಮ ಸ್ವಲ್ಪ ಉಳಿದು, ಪರದೆಯ ಮೇಲೆ ಹಾಲಪ್ಪನವರು ಓಕುಳಿ ಆಡಿ ಬಂದ ಹಾಗೆ ಕಾಣುತ್ತಿದ್ದರು. ಇನ್ನೊಮ್ಮೆ ಒರೆಸಿದಳು, ಗುರುತು ಹಿಡಿಯಿತು. ಅದು ಬಾಯಿಬಿಟ್ಟು ಮಾತಾಡಲಿಲ್ಲ, ‘ನಾನು ಯಾರ ಪೈಕಿ’ ಅಂತ ಕೇಳಿದ್ದೆಲ್ಲ ಅಕ್ಷರದಲ್ಲೇ ಅಂತೆ. ಅಷ್ಟು ದೂರ ಹೋಗಿದ್ದು ದಂಡ. ಪರದೆಯ ಮೇಲೆ ಹಸಿರು ಚುಕ್ಕೆಗಳು ಸಾಲಾಗಿ ಬಂದವು.

ಹಾಲಪ್ಪನವರು ಬಾಗಿಲ ಕಡೆ ನೋಡಿ, ಅಳಿಯ ಹೊರಗೇ ಇದ್ದಾನೆ ಅಂತ ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ನನ್ನ ಹತ್ತಿರ ಹೇಳಿದರು.

“ಅಮ್ಮಾರೆ, ಆ ಕ್ಯಾಲೆಂಡರ್ ತಪ್ಪು ಅಂತ ನನಗೂ ಗೊತ್ತಿತ್ತು. ಆದ್ರೆ ಅಳಿಯಗೆ ಬ್ಯಾಡಪ್ಪ ಅನ್ನಾಕೆ ನನಗೆ ಬಾಯಿ ಬರಲ್ಲ. ಮಗಳನ್ನ ಕೊಟ್ಟೀನಿ. ಅತ್ತೆಗೇ ಕೂಡ್ರಿ ಅನ್ನೋ ಧೈರ್ಯ ಇದ್ದೋರಿಗೆ ಅಳಿಯ ಯಾವ ಲೆಕ್ಕ? ವರ್ಷದ ಕೆಲಸ ನಿಮ್ಮ ಸೊಸೆಗೇ. ನಾನಾಗಿ ಪರೀಕ್ಷೆ ಮಾಡಿದ್ರೂ ಅವರ ಈ ಗಟ್ಟಿತನ ಗೊತ್ತಾಗ್ತಿರಲಿಲ್ಲ. ನೀವು ಸೀಲು ಒಡೆದದ್ದು ಒಳ್ಳೇದಾತು ನೋಡ್ರಿ.”

ಕ್ಯಾಲೆಂಡರು ಅವತ್ತೇ ಗೋಡೆಯಿಂದ ಇಳಿಯಿತು. ಇಳಿಸಿದವಳು ರೂಪಾ, ಮಂಜುನಾಥನ ಎದುರಿಗೇ. ಹಾಲಪ್ಪನವರು ಆಗ ಗೋಡೌನಿಗೆ ಹೋಗಿ ನಿಂತಿದ್ದರು.

ಬರುವಾಗ ಆಟೊದಲ್ಲಿ ನಾನು ಶಿವುವಿಗೆ ಕೇಳುವ ಹಾಗೆ, “ಕೆಲಸ ಸಿಕ್ಕಿದ್ದು ಕುಂಕುಮದಿಂದ,” ಅಂದೆ. ಶಿವು ರಸ್ತೆ ನೋಡಿಕೊಂಡು ಗಾಡಿ ಓಡಿಸಿದ. ರೂಪಾ, “ಹೂಂ ಅತ್ತೆ,” ಅಂದಳು. ಆ ಹೂಂ ಯಾವ ಜಾತಿಯದು ಅಂತ ಈಗ ನನಗೆ ಗೊತ್ತು.

ಮುಂದಿನ ವಾರ ಅವಳ ಕೋಣೆಯ ಬಾಗಿಲಿಗೆ ಹೊಸ ಬೀಗ ಬಂತು. ಬೇರೆಯವರ ಅಂಗಡಿಗಳ ಕೆಲಸ ಒಳಗೆ ಇರುತ್ತದೆ, ನಿಯಮ ಎಲ್ಲರಿಗೂ ಒಂದೇ ಅಂದಳು. ನಾನು ಬಾಗಿಲಲ್ಲಿ ನಿಂತು ಕೈ ಚಾಚಿದೆ.

“ಒಂದು ಕೀಲಿ ನನಗೆ ಕೊಡು.”

“ಕೊಡ್ತೀನಿ ಅತ್ತೆ. ಯಾವ ಕೆಲಸಕ್ಕೆ ಬೇಕು, ಹೇಳ್ರಿ.”

ಕಸ ಗುಡಿಸಲು ಅಂದೆ, ತಾನೇ ಗುಡಿಸುತ್ತಾಳಂತೆ. ಫ್ಯಾನ್ ಆರಿಸಲು ಅಂದೆ, ತಾನು ಆರಿಸಿಯೇ ಹೋಗುತ್ತಾಳಂತೆ. ಬೆಂಕಿ ಗಿಂಕಿ ಬಿದ್ದರೆ ಅಂದೆ, ಅದಕ್ಕೆ ಒಂದು ಕೀಲಿ ಶಿವುವಿನ ಹತ್ತಿರ ಇದೆಯಂತೆ. ಸರಿಯಾದ ಕಾರಣ ಸಿಕ್ಕಿದ ದಿನ ಕೇಳೋಣ ಅಂತ ಅವರೆಕಾಯಿ ಮೊರ ಹಿಡಿದು ಅದೇ ಬಾಗಿಲಲ್ಲಿ ದಿನಾ ಕೂತು ಯೋಚಿಸುತ್ತೇನೆ. ಅವರೆಕಾಯಿ ಕಾಲ ಮುಗಿಯುತ್ತಾ ಬಂತು, ಕಾರಣ ಇನ್ನೂ ಸಿಕ್ಕಿಲ್ಲ. ಅವಳು ಇಲ್ಲದಾಗ ಆ ಬೀಗಕ್ಕೆ ಮಾತ್ರ ಅರಿಶಿನ ಕುಂಕುಮ ಹಚ್ಚಿದ್ದೇನೆ. ಅದಕ್ಕೆ ಕೀಲಿ ಬೇಕಾಗಲಿಲ್ಲ.